ಸಹಾಯ ಬೇಕು: ಕೆಮ್ಮಿನ ಸಿರಪ್ಪಿನ ಚಟ ಬಿಡಿಸಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ, ಹತ್ತೊಂಬತ್ತು ವರ್ಷ, ಓದಲೆಂದು ದಾವಣಗೆರೆಯ ನಮ್ಮ ಮನೆಯಲ್ಲಿದ್ದಾನೆ. ಹೋದ ವಾರ ಅವನ ಕೋಣೆಯ ಹೊಸ್ತಿಲಿನಿಂದ ಮಂಚದ ಕೆಳಗಿನವರೆಗೆ ಇರುವೆ ಸಾಲು. ಬಗ್ಗಿ ನೋಡಿದರೆ ಹಳೆಯ ಚೀಲದಲ್ಲಿ ಸಿರಪ್ಪಿನ ಹನ್ನೊಂದು ಖಾಲಿ ಬಾಟಲಿಗಳು, ಮುಚ್ಚಳಕ್ಕೆಲ್ಲ ಅಂಟಂಟಾದ ಪಾಕ. ಹುಡುಗ ಕೆಮ್ಮಿದ್ದನ್ನು ನಾನು ಕೇಳಿಯೇ ಇಲ್ಲ.

ಬಾಟಲಿಯ ಮೇಲೆ ಕೊಡೀನ್ ಎಂದಿದೆ. ಅಫೀಮಿನ ಕುಲದ್ದು, ಯಕೃತ್ತಿನಲ್ಲಿ ಅದರ ಒಂದು ಪಾಲು ಮಾರ್ಫಿನ್ ಆಗುತ್ತದೆ. ಒಣಕೆಮ್ಮಿಗೆ ವೈದ್ಯರು ಅಳತೆ ಮಾಡಿ ಕೊಡುವುದು ಬೇರೆ, ಬಾಟಲಿ ಎತ್ತಿ ಕುಡಿಯುವುದು ಬೇರೆ. ಉಸಿರೇ ನಿಧಾನವಾಗಿ ನಿಂತುಹೋಗಬಹುದು. ಮದ್ಯವೋ ನಿದ್ರೆಮಾತ್ರೆಯೋ ಸೇರಿದರಂತೂ ಇನ್ನೂ ಅಪಾಯ. ತೂಕಡಿಕೆ, ಮಲಬದ್ಧತೆ, ಸೂಜಿಮೊನೆಯಷ್ಟಾದ ಕಣ್ಣಪಾಪೆ ಎಲ್ಲವೂ ಕಣ್ಣೆದುರೇ ಇತ್ತು, ಪರೀಕ್ಷೆಯ ಆಯಾಸವೆಂದುಕೊಂಡೆ. 2014ರಿಂದ ಕೊಡೀನ್ ಎಚ್1 ಎಂಬ, ಬಿಗಿ ನಿಯಮದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿದೆ. ಔಷಧಿ ಅಂಗಡಿಯವರು ವೈದ್ಯರ ಚೀಟಿ ನೋಡಿ, ರೋಗಿಯ ಹೆಸರು ಬರೆದಿಟ್ಟುಕೊಂಡೇ ಕೊಡಬೇಕು. ಈ ಹನ್ನೊಂದು ಬಾಟಲಿ ಯಾರ ಹೆಸರಿನಲ್ಲಿ ಬಂದವೋ!

ಬೈದಾಗ ಎರಡು ದಿನ ಬಿಟ್ಟ. ಮೂಗು ಸೋರಿ, ಮೈ ಬೆವರಿ, ರಾತ್ರಿಯಿಡೀ ಕಾಲುನೋವೆಂದು ಹೊರಳಾಡಿದ. ಮೂರನೆಯ ದಿನ ಮತ್ತೆ ಅದೇ ವಾಸನೆ.

ಹೀಗೆ ಬಿಡಿಸಿದವರು ದಯವಿಟ್ಟು ಹೇಳಿ: ಆಸ್ಪತ್ರೆಯಲ್ಲಿ ಇರಿಸಬೇಕಾಯಿತೇ, ಮನೆಯಿಂದಲೇ ಓಡಾಡಿ ಚಿಕಿತ್ಸೆ ಪಡೆದಿರಾ? ವ್ಯಸನಮುಕ್ತಿಯ ಸಹಾಯವಾಣಿ 14446ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡುತ್ತಾರೆಯೇ? ಭಾವನವರಿಗೆ ಇನ್ನೂ ತಿಳಿಸಿಲ್ಲ, ಅವರ ಕೈ ಮುಂದು. ಅವರಿಗೆ ಹೇಗೆ ಹೇಳಲಿ?