‘ಪೆಟ್ರಿಷಿಯನ್’ ಮನೆತನಕ್ಕೆ ಏನೆನ್ನೋಣ? (ತುರ್ತು)

ನಮಸ್ಕಾರ. ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದ ವ್ಯಾಪಾರಿ ಫುಗ್ಗರ್ ಮನೆತನದ ಮೇಲಿನ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಪುಟ ನಾಳೆ ಬೆಳಗ್ಗೆ ಅಚ್ಚಿಗೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, ‘ಪೆಟ್ರಿಷಿಯನ್’, ಅಂದರೆ ಪಟ್ಟಣದ ಆಡಳಿತ ಕೈಯಲ್ಲಿದ್ದ ಹಳೆಯ ಮನೆತನಗಳ ವರ್ಗ. ‘ಕುಲೀನ’ ಎಂದು ಬರೆದು ಹೊಡೆದುಹಾಕಿದೆ. 1367ರಲ್ಲಿ ಆ ಊರಿಗೆ ಬಂದ ಮೂಲಪುರುಷ ಹಾನ್ಸ್ ನೇಕಾರ. ಎರಡು, ಲಾಂಛನ. ಮನೆತನ ಎರಡು ಕವಲಾಗಿ ಒಂದಕ್ಕೆ ಜಿಂಕೆ, ಇನ್ನೊಂದಕ್ಕೆ ಚಕ್ರವರ್ತಿ ಮೂರನೇ ಫ್ರೆಡರಿಕ್ 1473ರಲ್ಲಿ ಕೊಟ್ಟ ಲಿಲ್ಲಿ. ಗುರಾಣಿಯನ್ನು ಉದ್ದಕ್ಕೆ ಸೀಳಿದಂತಿದೆ: ಹೊನ್ನಿನ ಅರ್ಧದಲ್ಲಿ ನೀಲಿ ಹೂ, ನೀಲಿ ಅರ್ಧದಲ್ಲಿ ಹೊನ್ನಿನ ಹೂ. ‘ನೈದಿಲೆ’ ಎನ್ನಬಹುದೇ?

ಮರು: ನೈದಿಲೆ ಕೆರೆಯ ಹೂವು, ಇದು ನೆಲದ್ದು. ಲಿಲ್ಲಿ ಎಂದೇ ಇರಲಿ. ಮೊದಲನೆಯದಕ್ಕೆ ‘ಪಟ್ಟಣಸ್ವಾಮಿ’, ಪಟ್ಟಣದ ವರ್ತಕರ ಮುಖಂಡ, ಶಾಸನಗಳಲ್ಲೇ ಇದೆಯಲ್ಲ. ಆ ಪದವಿಯಲ್ಲಿದ್ದ ಹುಂಚದ ನೊಕ್ಕಯ್ಯ ಸೆಟ್ಟಿಯನ್ನು ಮರೆತಿರಾ?

ಮರು: ಮರೆತಿಲ್ಲ ರಾಯರೇ. ಪಟ್ಟಣಸ್ವಾಮಿ ಒಬ್ಬನಿಗೆ ಸಲ್ಲುವ ಪದವಿ, ವರ್ಗದ ಹೆಸರಲ್ಲ. ಮೇಲಾಗಿ ಫುಗ್ಗರರಿಗೆ ದುಡ್ಡು ಬಂದದ್ದು ಯಾವಾಗಲೋ, ಊರ ದೊಡ್ಡವರು ಪಂಕ್ತಿಗೆ ಸೇರಿಸಿಕೊಂಡದ್ದು ಯಾವಾಗಲೋ. ಚಕ್ರವರ್ತಿಗಳಿಗೇ ಸಾಲ ಕೊಟ್ಟ ಯಾಕೋಬ್ ಫುಗ್ಗರ್ 1514ರಲ್ಲಿ ಕೌಂಟ್ ಎಂಬ ಬಿರುದು ಪಡೆದ, 1525ರಲ್ಲಿ ತೀರಿಕೊಂಡ. ಆಗ್ಸ್‌ಬರ್ಗಿನ ಪೆಟ್ರಿಷಿಯನ್ನರು ಆ ಮನೆಯವರನ್ನು ಒಳಗೆ ಬಿಟ್ಟುಕೊಂಡದ್ದು 1538ರಲ್ಲಿ! ‘ಸೆಟ್ಟಿ’, ‘ಶ್ರೀಮಂತ’ ಯಾವುದನ್ನು ಹಾಕಿದರೂ ಈ ಕಥೆಯೇ ಕಾಣೆಯಾಗುತ್ತದೆ.

ಮರು: ಎಲ್ಲದಕ್ಕೂ ಸಂಸ್ಕೃತದ ಬಾಗಿಲನ್ನೇ ತಟ್ಟಬೇಕೆ? ‘ಮೇಲ್ಮನೆಯವರು’ ಎನ್ನಿ. ಲಾಂಛನಕ್ಕೆ ‘ಮನೆಗುರುತು’.

ಮರು: ಮೇಲ್ಮನೆ ಎಂದರೆ ಓದುಗರು ನೇರ ವಿಧಾನ ಪರಿಷತ್ತಿಗೆ ಹೋಗುತ್ತಾರೆ. ಲಾಂಛನ ಬೇಡವಂತೆ! ಚಾಲುಕ್ಯರ ವರಾಹಲಾಂಛನವನ್ನು ಹಂದಿಗುರುತು ಎನ್ನೋಣವೇ?

ಮರು: ಅನ್ನಿ, ಯಾರು ಬೇಡವೆಂದರು? ನಮ್ಮ ಹಳೆಯ ವರ್ತಕ ಸಂಘ, ಅಯ್ಯಾವೊಳೆ (ಐಹೊಳೆ) ಐನೂರ್ವರೂ ವ್ಯಾಪಾರಿಗಳೇ. ಅವರ ಬಾವುಟ ‘ಗುಡ್ಡಧ್ವಜ’. ಅಚ್ಚಗನ್ನಡದ ಗುಡ್ಡ.

ಮರು: ಧ್ವಜ?

ಮರು: ಅರ್ಧವಾದರೂ ನಮ್ಮದು. ನಿಮ್ಮದರಲ್ಲಿ ಅದೂ ಇಲ್ಲ.

ಮರು: ಎಲ್ಲರಿಗೂ ವಂದನೆ. ‘ಊರಾಳುವ ಮನೆತನಗಳ ಪಂಕ್ತಿಗೆ 1538ರಲ್ಲಿ ಸೇರಿತು’ ಎಂದು ಬರೆದು ಕಳಿಸಿಬಿಟ್ಟೆ. ಲಾಂಛನವೂ ಲಿಲ್ಲಿಯೂ ಹಾಗೇ ಉಳಿದವು. ದಯವಿಟ್ಟು ಇನ್ನು ಯಾರೂ ಜಿಂಕೆಯ ವಿಷಯ ಎತ್ತಬೇಡಿ.