ಡಿಲೀಟ್ ಆದ ವಿಡಿಯೋ ರಿಕವರ್ ಆಯ್ತು, ಆದ್ರೆ ಒಂದೂ ಓಪನ್ ಆಗ್ತಿಲ್ಲ ಮಾರಾಯ್ರೆ

ಡೊಂಬಿವ್ಲಿ_ಭಟ್ರ_ಮಗ:
ನಮಸ್ಕಾರ ಎಲ್ರಿಗೂ. ಹೋದ ಭಾನುವಾರ ಮುಲುಂಡಿನಲ್ಲಿ ನಮ್ಮವರದ್ದೊಂದು ತಾಳಮದ್ದಳೆ ಇತ್ತು, ಅಪ್ಪ ಕರ್ಣನ ಅರ್ಥ ಹೇಳಿದ್ರು, ಮಂಡಿನೋವು ಶುರುವಾದ ಮೇಲೆ ನಾಲ್ಕು ವರ್ಷ ಕೂತೇ ಇರ್ಲಿಲ್ಲ ಅವ್ರು, ಹಾಗಾಗಿ ನಾನು ಹಳೇ ಡಿಎಸ್‌ಎಲ್‌ಆರ್ ಸ್ಟ್ಯಾಂಡಿಗೆ ಹಾಕಿ ಪೂರ್ತಿ ರೆಕಾರ್ಡ್ ಮಾಡಿದ್ದೆ. ಆ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ತಾನಾಗೇ ನಿಲ್ತದೆ, ಪ್ರತಿ ಸಲ ಎದ್ದು ಹೋಗಿ ಒತ್ತಿ ಒತ್ತಿ ಐದು ಕ್ಲಿಪ್ ಆಯ್ತು, ಜೊತೆಗೆ ಇನ್ನೂರು ಚಿಲ್ಲರೆ ಫೋಟೋ. ಮನೆಗೆ ಬಂದ ಮೇಲೆ ಅಕ್ಕನ ಮಗ ಕ್ಯಾಮೆರಾ ಹಿಡ್ಕೊಂಡು ಏನೋ ಒತ್ತಿದ, ಎಲ್ಲ ಖಾಲಿ. ಎಂಟು ವರ್ಷದ ಹುಡುಗ, ಬೈದು ಏನು ಪ್ರಯೋಜನ.

ಒಂದು ರಿಕವರಿ ಸಾಫ್ಟ್‌ವೇರ್ ಹಾಕಿ ಸ್ಕ್ಯಾನ್ ಮಾಡಿದೆ. ಎಲ್ಲ ಫೈಲೂ ಹಸಿರು ಬಣ್ಣದಲ್ಲಿ "ಗುಡ್" ಅಂತ ತೋರಿಸ್ತು, ಖುಷಿಯಾಗಿ ದುಡ್ಡು ಕಟ್ಟಿ ರಿಕವರ್ ಮಾಡಿದೆ. ವಿಡಿಯೋ ಒಂದೊಂದೂ 5 ಜಿಬಿ ಮೇಲೆ ಉಂಟು, ಸೈಜ್ ಸರಿ, ಹೆಸರು ಸರಿ, ಆದ್ರೆ ವಿಎಲ್‌ಸಿ ಪ್ಲೇಯರಲ್ಲಿ ಹಾಕಿದ್ರೆ ಬರೀ ಕಪ್ಪು. ಫೋಟೋ ಅರವತ್ತು ಚೆನ್ನಾಗಿ ಬಂದಿದೆ, ಉಳಿದದ್ದು ಕೆಲವು ಅರ್ಧ ಬೂದಿ ಬಣ್ಣ, ಒಂದರಲ್ಲಂತೂ ಮೇಲೆ ಅಪ್ಪನ ಮುಖ, ಕೆಳಗೆ ಬೇರೆ ಫೋಟೋದ ಚೆಂಡೆ. ಲ್ಯಾಮಿಂಗ್ಟನ್ ರೋಡಲ್ಲಿ ರಿಕವರಿ ಅಂಗಡಿಯವ್ರು ಒಬ್ರು 9000 ಕೇಳಿದ್ರು, ಓಪನ್ ಆಗುವ ಗ್ಯಾರಂಟಿ ಮಾತ್ರ ಇಲ್ಲವಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಏನಾದ್ರೂ ದಾರಿ ಉಂಟಾ?

ಪುಣೆದಾಗಿನ_ಧಾರವಾಡದಾವ:
ಮೊದ್ಲ ಆ ಕಾರ್ಡ್ ಹೊರಗ ತಗದು ಅದರ ಬಾಜೂಕಿನ ಲಾಕ್ ಗುಂಡಿ ಕೆಳಗ ಸರಸ್ರಿ, ಹೊಸದೇನೂ ಅದರಾಗ ಬರೀಬಾರದು, ಆಮ್ಯಾಲೆ ಮಾತಾಡೂಣು.

"ಗುಡ್" ಅನ್ನೂದನ್ನ ನಂಬಬ್ಯಾಡ್ರಿ. ಡಿಲೀಟ್ ಅಂದ್ರ ಚಾಳಿನಾಗ ಬಾಗಿಲ ಮ್ಯಾಲಿನ ಹೆಸರಿನ ಪಾಟಿ ಅಷ್ಟ ತಗದಂಗ, ಒಳಗಿನ ಸಾಮಾನು ಹೊಸ ಬಾಡಿಗಿಯವ ಬರೂತನಕ ಅಲ್ಲೇ ಇರ್ತದ. ನಿಮ್ಮ ಸಾಫ್ಟ್‌ವೇರ್ ಆ ಹಳೇ ಪಾಟಿ ಓದಿ ಹೆಸರು, ಸೈಜು, ಎಲ್ಲಿಂದ ಶುರು ಅನ್ನೂದಷ್ಟ ತಿಳಕೊಂಡು, ಅಲ್ಲಿಂದ ಒಂದೇ ಸಾಲಿನಾಗ 5 ಜಿಬಿ ಎತ್ತಿಕೊಟ್ಟದ. ಫೈಲ್ ಒಂದೇ ಸಾಲಿನಾಗ ಇದ್ರ ಸರಿ. ನೀವು ಆ ಕಾರ್ಡಿನಾಗ ಆಗಾಗ ನಡು ನಡುವ ಹಳೇ ಫೋಟೋ ಅಳಿಸಿ ಜಾಗ ಮಾಡ್ಕೊಂಡಿದ್ರ ದೊಡ್ಡ ವಿಡಿಯೋ ತುಂಡು ತುಂಡಾಗಿ ಸಿಕ್ಕಸಿಕ್ಕಲ್ಲಿ ಕೂತಿರ್ತದ, ಅವಾಗ ಪಕ್ಕದ ಮನಿ ಸಾಮಾನೂ ಸೇರಿ ಬರ್ತದ. ಆ ಚೆಂಡೆ ಫೋಟೋ ಆಗಿದ್ದು ಹಿಂಗ.

ಎರಡ ಪ್ರಶ್ನೆ. ಡಿಲೀಟ್ ಆದಮ್ಯಾಲೆ ಆ ಕಾರ್ಡಿನಾಗ ಮತ್ತೇನರ ತಗದ್ರೇನು? ರಿಕವರ್ ಮಾಡಿದ್ದು ಎಲ್ಲಿ ಸೇವ್ ಮಾಡಿದ್ರಿ?

ಡೊಂಬಿವ್ಲಿ_ಭಟ್ರ_ಮಗ:
ಅಯ್ಯೋ. ಮರುದಿನ ಒಂದು ಗೃಹಪ್ರವೇಶದಲ್ಲಿ ನಲ್ವತ್ತು ಫೋಟೋ ತೆಗೆದಿದ್ದೆ. ಮತ್ತೆ ಲ್ಯಾಪ್‌ಟಾಪಲ್ಲಿ ಜಾಗ ಇರ್ಲಿಲ್ಲ ಅಂತ ಮೊದಲ ಎರಡು ವಿಡಿಯೋ ಅದೇ ಕಾರ್ಡಿಗೇ ಸೇವ್ ಮಾಡಿದೆ, ಉಳಿದದ್ದು ಹೊರಗಿನ ಡಿಸ್ಕಿಗೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕ್ಕೊಂಡದ್ದು ಅಂತ ಈಗ ಗೊತ್ತಾಯ್ತು.

ಮಡಗಾಂವ್_ಮದುವೆ_ವಿಡಿಯೋ:
ನಾನು ಅಂಕೋಲೆಯವ, ಮಡಗಾಂವಲ್ಲಿ ಮದುವೆ ಶೂಟಿಂಗ್ ಮಾಡೋದು, ಈ ಪಾಡು ನಾನೂ ಪಟ್ಟವನೇ. ಕಾರ್ಡಿಗೆ ಸೇವ್ ಮಾಡಿದ್ದು ಎಲ್ಲಿ ಬಿತ್ತೋ ಅಲ್ಲಿಯದ್ದು ಹೋಯ್ತು, ಅದನ್ನ ಯಾವ ಅಂಗಡಿಯವನೂ ತರೋದಿಲ್ಲ, 9000 ಸದ್ಯಕ್ಕೆ ಜೇಬಲ್ಲೇ ಇರಲಿ. ಆದ್ರೆ ಉಳಿದ ಮೂರು ಕ್ಲಿಪ್ ಬಗ್ಗೆ ಆಸೆ ಬಿಡಬೇಡಿ.

ಎಚ್‌ಎಕ್ಸ್‌ಡಿ ಅಂತ ಪುಕ್ಕಟೆ ಹೆಕ್ಸ್ ಎಡಿಟರ್ ಇದೆ, ಫೈಲಿನ ಒಳಗಿನ ಬೈಟುಗಳನ್ನ ಹಾಗೇ ತೋರಿಸ್ತದೆ, ಅದರಲ್ಲಿ ವಿಡಿಯೋ ತೆರೀರಿ. ಮೊದಲ ಸಾಲಲ್ಲೇ ಎಫ್ ಟಿ ವೈ ಪಿ ಅನ್ನೋ ನಾಲ್ಕು ಅಕ್ಷರ ಕಾಣಬೇಕು, ಫೋಟೋ ಆದ್ರೆ ಎಫ್‌ಎಫ್ ಡಿ8 ಅಂತ ಶುರು ಆಗಬೇಕು. ಮೇಲಿಂದ ಕೆಳಗೆ ಬರೀ 00 00 ಇದ್ರೆ ಸೈಜ್ ಎಷ್ಟೇ ತೋರಿಸ್ಲಿ, ಅದು ಖಾಲಿ ಡಬ್ಬ, ಅದಕ್ಕೆ ರಿಪೇರಿ ಇಲ್ಲ.

ಒಳಗೆ ಏನೋ ತುಂಬಿದ್ದೂ ಓಪನ್ ಆಗ್ತಿಲ್ಲ ಅಂದ್ರೆ ಬಹಳ ಸಲ ಕಾರಣ ಒಂದೇ. ಎಂಪಿ4 ಫೈಲಲ್ಲಿ ಚಿತ್ರ, ಧ್ವನಿ ಎಲ್ಲ ಎಂಡ್ಯಾಟ್ ಅನ್ನೋ ಭಾಗದಲ್ಲಿ ಇರ್ತದೆ, ಯಾವ ಫ್ರೇಮ್ ಎಲ್ಲಿದೆ ಅನ್ನೋ ಪಟ್ಟಿ ಮೂವ್ ಅನ್ನೋ ಇನ್ನೊಂದು ಭಾಗದಲ್ಲಿ. ಕ್ಯಾಮೆರಾಗಳು ಸಾಮಾನ್ಯವಾಗಿ ಈ ಪಟ್ಟಿ ಬರೆಯೋದು ನೀವು ಸ್ಟಾಪ್ ಒತ್ತಿದ ಮೇಲೆ, ಫೈಲಿನ ಬಾಲಕ್ಕೆ. ನಿಮ್ಮ ಫೈಲಿನ ಬಾಲ ಬೇರೆ ತುಂಡಲ್ಲಿ ಉಳಿದಿರ್ತದೆ, ಪಟ್ಟಿ ಇಲ್ದೆ ಪ್ಲೇಯರಿಗೆ ತಲೆ ಬುಡ ಗೊತ್ತಾಗೋದಿಲ್ಲ. ಅನ್‌ಟ್ರಂಕ್ ಅನ್ನೋ ಪುಕ್ಕಟೆ ಟೂಲ್ ಇದಕ್ಕೇ ಇರೋದು. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಲ್ಲಿ (ರೆಸಲ್ಯೂಷನ್, ಫ್ರೇಮ್ ರೇಟ್ ಎರಡೂ ಅದೇ ಇರ್ಲಿ) ಬೇರೆ ಕಾರ್ಡ್ ಹಾಕಿ ಒಂದೆರಡು ನಿಮಿಷ ಏನಾದ್ರೂ ಶೂಟ್ ಮಾಡಿ, ಆ ಒಳ್ಳೇ ವಿಡಿಯೋನ ಮಾದರಿಗೆ ಕೊಟ್ರೆ ಅದು ಕೆಟ್ಟ ಫೈಲಿಗೆ ಪಟ್ಟಿ ಹೊಸದಾಗಿ ಕಟ್ಟತದೆ. ಬೇರೆ ಕ್ಯಾಮೆರಾದ ಮಾದರಿ ಕೊಟ್ರೆ ಕೆಲಸ ಕೆಡ್ತದೆ, ನಾನು ಮಾಡಿ ನೋಡಿದ್ದೇನೆ.

ಅದಕ್ಕೆ ಮೊದಲು ಕಾರ್ಡಿನ ಪೂರ್ತಿ ಇಮೇಜ್ (ಅಂದ್ರೆ ಇಡೀ ಕಾರ್ಡಿನ ಯಥಾಪ್ರತಿ ಒಂದೇ ಫೈಲಲ್ಲಿ) ತೆಗೆದು ಡಿಸ್ಕಲ್ಲಿ ಇಡಿ, 64 ಜಿಬಿ ಕಾರ್ಡಿಗೆ 64 ಜಿಬಿ ಇಮೇಜ್, ಕೆಲಸ ಎಲ್ಲ ಅದರ ಮೇಲೆ. ಫೋಟೋಗೆ ಫೋಟೋರೆಕ್ ಅನ್ನೋ ರಿಕವರಿ ಟೂಲ್ ಓಡಿಸಿ, ಅದು ಹೆಸರಿನ ಪಟ್ಟಿ ನೋಡೋದೇ ಇಲ್ಲ, ಫೈಲ್ ಶುರುವಾಗೋ ಗುರುತು ಹುಡುಕ್ತದೆ, ಹಾಗಾಗಿ ಹಳೇ ಹೆಸರು ಸಿಗೋದಿಲ್ಲ. ತುಂಡಾದದ್ದು ಅದಕ್ಕೂ ಕಷ್ಟವೇ.

ಥಾಣೆ_ಗೌಡ್ತಿ:
ನಡುವೆ ಬಾಯಿ ಹಾಕ್ತಿದೀನಿ, ನಂದು ಫೋನಲ್ಲೇ ಡಿಲೀಟ್ ಆಗಿದ್ದು. ಒಂದು ಆ್ಯಪ್ ಮುನ್ನೂರು ಫೋಟೋ ವಾಪಸ್ ಕೊಡ್ತು, ಆದ್ರೆ ಎಲ್ಲಾ ಚಿಕ್ಕ ಚಿಕ್ಕದು, ದೊಡ್ಡದು ಮಾಡಿದ್ರೆ ಮಸುಕು.

ಮಡಗಾಂವ್_ಮದುವೆ_ವಿಡಿಯೋ:
ಅಕ್ಕಾ, ಅದು ಗ್ಯಾಲರೀಲಿ ತೋರಿಸ್ಲಿಕ್ಕೆ ಅಂತ ಫೋನೇ ತಯಾರಿಸಿ ಇಟ್ಕೊಂಡ ಚಿಕ್ಕ ಪ್ರತಿ, ಥಂಬ್‌ನೇಲ್, ಅಸಲು ಫೋಟೋ ಅಲ್ಲ. ಈಗಿನ ಫೋನಿನ ಒಳಗಿನ ಸ್ಟೋರೇಜ್ ಎನ್‌ಕ್ರಿಪ್ಟ್ (ಕೀಲಿ ಇಲ್ದೆ ಓದ್ಲಿಕ್ಕೆ ಬಾರದ ಹಾಗೆ) ಆಗಿರ್ತದೆ, ಅಳಿಸಿದ್ದು ಆ್ಯಪ್ ಹಾಕಿ ತೆಗೆಯೋದು ಹೆಚ್ಚುಕಡಿಮೆ ಆಗದ ಮಾತು. ಗೂಗಲ್ ಫೋಟೋಸಿನ ಟ್ರ್ಯಾಶ್ ನೋಡಿ, ಬ್ಯಾಕಪ್ ಆಗಿದ್ದು ಅಲ್ಲಿ 60 ದಿನ ಇರ್ತದೆ. ವಾಟ್ಸಾಪಲ್ಲಿ ಯಾರಿಗಾದ್ರೂ ಕಳಿಸಿದ್ರೆ ಅವರನ್ನೂ ಕೇಳಿ.

ಡೊಂಬಿವ್ಲಿ_ಭಟ್ರ_ಮಗ:
ಎರಡು ರಾತ್ರಿ ಕೂತೆ. ಮೊದಲ ಎರಡು ಕ್ಲಿಪ್ ಹೋಯ್ತು. ಒಂದು ಎಚ್‌ಎಕ್ಸ್‌ಡಿಯಲ್ಲಿ ಪೂರ್ತಿ 00, ಇನ್ನೊಂದರ ಒಳಗೆ ಗೃಹಪ್ರವೇಶದ ಫೋಟೋ ಸೇರಿ ಕೂತಿದೆ. ನಾಲ್ಕು ಮತ್ತು ಐದು ಅನ್‌ಟ್ರಂಕಲ್ಲಿ ಪೂರ್ತಿ ಬಂತು. ಅಪ್ಪನ ಪೀಠಿಕೆ ಇದ್ದದ್ದು ಮೂರನೆಯದ್ರಲ್ಲಿ, ಅದು 22 ನಿಮಿಷದವರೆಗೆ ಓಡಿ ಅಲ್ಲೇ ನಿಲ್ತದೆ, ಪೀಠಿಕೆ ಮುಗಿದು ಶಲ್ಯನಿಗೆ ಉತ್ತರ ಕೊಡ್ಲಿಕ್ಕೆ ಬಾಯಿ ತೆಗೆದಲ್ಲಿಗೆ. ನಿನ್ನೆ ಹೇಳಿ ತೋರಿಸಿದೆ, ಎರಡು ಸಲ ನೋಡಿದ್ರು, "ಭಾಗವತರು ಇಲ್ಲಿ ಸ್ವಲ್ಪ ಓಡಿಸಿದ್ದಾರೆ" ಅಂದ್ರು, ಅಷ್ಟೇ. ಒಂದೇ ತೊಂದರೆ, ತುಟಿ ಅಲ್ಲಾಡಿದ ಮೇಲೆ ಮಾತು ಬರ್ತದೆ.

ಪುಣೆದಾಗಿನ_ಧಾರವಾಡದಾವ:
ವಿಎಲ್‌ಸಿದಾಗ ಪ್ಲೇ ಮಾಡ್ಕೋತ ಜೆ ಮತ್ತ ಕೆ ಕೀ ಒತ್ತಿ ನೋಡ್ರಿ, ಒಂದ ಸಲಕ್ಕ 50 ಮಿಲಿಸೆಕೆಂಡ್ ಧ್ವನಿ ಹಿಂದ ಮುಂದ ಸರೀತದ. ಎಷ್ಟಕ್ಕ ಸರಿ ಕೂಡ್ತದ ಬರದಿಟ್ಕೊಳ್ರಿ, ಎಡಿಟ್ ಮಾಡೂ ಮುಂದ ಬೇಕಾಗ್ತದ.