ಹೊಸ ಇಂಜಿನ್ ಪಳಗುತ್ತದೋ, ಸೆಟ್ ಆಗುತ್ತದೋ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನನ್ನ ತಂಗಿ ಹೊಸ ಸ್ಕೂಟರ್ ತಗೊಂಡಳು, 110 ಸಿಸಿಯದು. ಮಾರನೇ ದಿನವೇ ಫೋನು. "ಅಣ್ಣಾ, ಇದರ ಪುಸ್ತಕದಲ್ಲಿ ಬ್ರೇಕ್ ಇನ್ ಅಂತ ಬರೆದಿದೆ. ಬ್ರೇಕಿಗೆ ಏನು ಮಾಡ್ಬೇಕು?" ಮೊದಲು ನಕ್ಕೆ. ಆಮೇಲೆ ಅವಳದೇನೂ ತಪ್ಪಿಲ್ಲ ಅನ್ನಿಸಿತು. ಗಾಡಿ ನಿಲ್ಲಿಸುವ ಬ್ರೇಕು, ಮುರಿಯುವ ಬ್ರೇಕು ಎರಡೂ ನಮ್ಮ ಲಿಪಿಯಲ್ಲಿ ಒಂದೇ ಅಲ್ವಾ? ಮೊಬೈಲಿನಲ್ಲಿ ಅನುವಾದ ಮಾಡಿಸಿ ನೋಡಿದರೆ ಕಳ್ಳ ಮನೆಗೆ ನುಗ್ಗಿದ ಅರ್ಥ ಬಂತಂತೆ. ಇದಕ್ಕೇ ಬ್ರಿಟಿಷರು ಅನ್ನುವ "ರನ್ನಿಂಗ್ ಇನ್" ಹಾಕಿದ್ದರೂ "ಒಳಗೆ ಓಡುವುದು" ಅಂತಲೇ ಬರುತ್ತಿತ್ತೇನೋ.

ಹಾಗಾದರೆ ಹೊಸ ಇಂಜಿನ್ನನ್ನು ಮೊದಮೊದಲು ಹುಷಾರಾಗಿ ಓಡಿಸಿ ಸರಿಹೊಂದಿಸುವ ಈ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? ಇದೇ ನನ್ನ ಪ್ರಶ್ನೆ.

ಪದ ಹುಡುಕುವ ಮೊದಲು ಒಳಗೆ ನಡೆಯುವುದೇನು ಅಂತ ಹೇಳಿಬಿಡುತ್ತೇನೆ. ಇಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಕೊಳವೆಯೇ ಸಿಲಿಂಡರ್. ಹೊಸ ಸಿಲಿಂಡರಿನ ಒಳಗೋಡೆ ನುಣ್ಣಗಿರುವುದಿಲ್ಲ. ಕಾರ್ಖಾನೆಯಲ್ಲಿ ಬೇಕೆಂದೇ ಅಡ್ಡಡ್ಡ ಸಣ್ಣ ಗೀರು ಎಳೆದಿರುತ್ತಾರೆ, ಅದರಲ್ಲಿ ಆಯಿಲ್ ನಿಲ್ಲಲಿ ಅಂತ. ಪಿಸ್ಟನ್ನಿಗೆ ಬಳೆಯ ಹಾಗೆ ತೊಡಿಸಿದ ರಿಂಗು ಈ ಗೋಡೆಗೆ ಉಜ್ಜಿ ಉಜ್ಜಿ ಗೀರುಗಳ ಚೂಪಾದ ತುದಿ ಸವೆಯುತ್ತದೆ, ರಿಂಗೂ ಒಂಚೂರು ಸವೆಯುತ್ತದೆ. ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಮೊದಲ 500ರಿಂದ 1000 ಕಿಲೋಮೀಟರ್ ತನಕ ಫುಲ್ ಎಕ್ಸಲೇಟರ್ ಕೊಡಬೇಡಿ ಅನ್ನುವುದು ಇದಕ್ಕೇ. ಹಾಗಂತ ಒಂದೇ ಸ್ಪೀಡಲ್ಲಿ ಮೆಲ್ಲಗೆ ಹೋಗುತ್ತಾ ಇರುವುದೂ ಒಳ್ಳೆಯದಲ್ಲ. ಒಳಗೆ ಪೆಟ್ರೋಲ್ ಉರಿದ ಒತ್ತಡವೇ ರಿಂಗನ್ನು ಗೋಡೆಗೆ ಅದುಮುವುದು. ತೀರಾ ಮುದ್ದು ಮಾಡಿದರೆ ರಿಂಗು ಕೂರುವುದೇ ಇಲ್ಲ. ಸ್ಪೀಡು ಏರಿಸುತ್ತಾ ಇಳಿಸುತ್ತಾ ಓಡಿಸಬೇಕು. ಫಸ್ಟ್ ಸರ್ವೀಸಿನಲ್ಲಿ ಆಯಿಲ್ ಇಳಿಸುವಾಗ ಬಿಸಿಲಿಗೆ ಹಿಡಿದು ನೋಡಿ, ಲೋಹದ ಪುಡಿ ಮಿಣಮಿಣ ಅನ್ನುವುದು ಕಂಡರೂ ಕಾಣಬಹುದು. ಸವೆದದ್ದು ಅದರೊಳಗೆ ಬಂದಿರುತ್ತದೆ.

ಈಗ ಮೆಕ್ಯಾನಿಕ್‌ಗಳ ಮಾತು. ನಾನು ಬೆಳೆದದ್ದು ಮೈಸೂರಿನಲ್ಲಿ. ಅಲ್ಲೇ ತಯಾರಾದ ಯೆಜ್ಡಿ ಬೈಕು ನಮ್ಮ ಮನೆಯಲ್ಲೂ ಇತ್ತು. (ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.) ಅದು ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಒಂದು ಸಲ ಅದು ಬೋರಿಗೆ ಬಂತು, ಅಂದರೆ ಸಿಲಿಂಡರ್ ಸವೆದು ಒಳಗೋಡೆಯನ್ನು ಮತ್ತೆ ಕೊರೆಸಬೇಕಾಯಿತು. ಕೆಲಸ ಮುಗಿಸಿ ಗಾಡಿ ಕೊಡುವಾಗ ಮೆಕ್ಯಾನಿಕ್ ಅಪ್ಪನಿಗೆ ಹೇಳಿದ್ದು: "ಸಾರ್, ಇಂಜಿನ್ ಟೈಟ್ ಇದೆ. ಸೆಟ್ ಆಗೋವರ್ಗೂ ಆಯಿಲ್ ಜಾಸ್ತಿ ಹಾಕಿ. ಡಬಲ್ಸ್ ಹೊಡೀಬೇಡಿ, ರೇಸ್ ಮಾಡ್ಬೇಡಿ. ಸೀಜ್ ಆಗ್ಬಿಡತ್ತೆ." (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಇಂಜಿನ್ ನಿಂತುಬಿಡುವುದೇ ಸೀಜ್.) ಬೆಂಗಳೂರಿನಲ್ಲಿ "ಇಂಜಿನ್ ಫ್ರೀ ಆಗ್ಬೇಕು" ಅನ್ನುವುದನ್ನೂ ಕೇಳಿದ್ದೇನೆ. ಒಬ್ಬರು ಸೆಟ್ ಅನ್ನುತ್ತಾರೆ, ಇನ್ನೊಬ್ಬರು ಫ್ರೀ ಅನ್ನುತ್ತಾರೆ. ಒಂದು ಕೂರುವುದು, ಇನ್ನೊಂದು ಬಿಡಿಸಿಕೊಳ್ಳುವುದು. ಹೇಳುತ್ತಿರುವುದು ಮಾತ್ರ ಒಂದೇ ಸಂಗತಿ!

ಎರಡರಲ್ಲೂ ಇಂಜಿನ್ ತಾನಾಗಿಯೇ ಸೆಟ್ಟೋ ಫ್ರೀಯೋ ಆಗಬೇಕು. ಓಡಿಸುವವರು ಮಾಡುವ ಕೆಲಸಕ್ಕೆ ಅವರ ಮಾತಿನಲ್ಲಿ ಹೆಸರಿಲ್ಲ. ನನಗೆ ಬೇಕಾಗಿರುವುದು ಅದು.

ನನಗೆ ಹೊಳೆದವು ಇವು. "ಒಗ್ಗಿಸು" ಚೆನ್ನಾಗಿದೆ, ಆದರೆ ನಾವು ಒಗ್ಗುವುದು ಹೊರಗಿನದಕ್ಕೆ. ಊರಿನ ನೀರು ಒಗ್ಗಲಿಲ್ಲ ಅನ್ನುತ್ತೇವೆ. ಇಲ್ಲಿ ರಿಂಗು, ಗೋಡೆ ಎರಡೂ ಬದಲಾಗುತ್ತವೆ. "ಸವೆಸು" ಅಂದರೆ ಹೊಸ ಗಾಡಿ ತಗೊಂಡವರ ಎದೆ ಧಸಕ್ಕೆನ್ನುತ್ತದೆ. "ಹದ ಮಾಡು" ಮಣ್ಣಿಗೆ, ತೊಗಲಿಗೆ ಸರಿ. ಇಂಜಿನ್ನಿಗೆ ಹಾಕಿದರೆ ಯಾಕೋ ಪಾಕ ಕಾಯಿಸಿದ ಹಾಗೆ ಕೇಳುತ್ತದೆ.

ಉಳಿದದ್ದು "ಪಳಗಿಸು". ಆನೆ ಪಳಗಿಸುತ್ತೇವೆ, ಹೋರಿಯನ್ನು ನೊಗಕ್ಕೆ ಪಳಗಿಸುತ್ತೇವೆ. ಇಂಗ್ಲಿಷಿನ "ಬ್ರೇಕ್ ಇನ್" ಕೂಡ ಕುದುರೆಗೆ ಬಳಸುವ ಮಾತೇ. ಆದರೆ ನಾನು ಇದನ್ನು ಆರಿಸಿದ್ದು ಕುದುರೆಯಿಂದಲ್ಲ, ಅಡುಗೆಮನೆಯಿಂದ. ಹೊಸ ದೋಸೆ ಕಾವಲಿ ತಂದರೆ ಅಮ್ಮ ಎಣ್ಣೆ ಸವರಿ, ಕಾಯಿಸಿ, ಈರುಳ್ಳಿ ಉಜ್ಜಿ, ಎರಡು ದಿನ ಅದರ ಹಿಂದೆ ಬೀಳುತ್ತಿದ್ದರು. ದೋಸೆ ಅಂಟಿದರೆ "ಕಾವಲಿ ಇನ್ನೂ ಪಳಗಿಲ್ಲ" ಅನ್ನುತ್ತಿದ್ದರು. ರುಬ್ಬುವ ಕಲ್ಲಂತೂ ಇಂಜಿನ್ನಿಗೆ ಇನ್ನೂ ಹತ್ತಿರ. ಉಳಿಯಿಂದ ಕಚ್ಚು ಹೊಡೆಸಿದ ಹೊಸ ಕಲ್ಲಿನಲ್ಲಿ ಮೊದಲು ತೌಡೋ ನುಚ್ಚೋ ಹಾಕಿ ರುಬ್ಬಿ, ಕಲ್ಲುಪುಡಿ ಸೇರಿದ ಆ ಹಿಟ್ಟನ್ನು ಚೆಲ್ಲುತ್ತಿದ್ದರು. ಕಚ್ಚು ಅಂದರೆ ಸಿಲಿಂಡರಿನ ಗೀರು, ಚೆಲ್ಲುವ ಹಿಟ್ಟು ಅಂದರೆ ಫಸ್ಟ್ ಸರ್ವೀಸಿನ ಆಯಿಲ್. ಬೇರೇನು ಬೇಕು?

ಇದಕ್ಕೆ ನನ್ನ ಗೆಳೆಯನೊಬ್ಬ ತಕರಾರು ತೆಗೆದ. ಅವನು ಶಿವಮೊಗ್ಗದವನು, ಸಕ್ರೆಬೈಲಿನ ಆನೆಗಳನ್ನು ನೋಡುತ್ತಾ ಬೆಳೆದವನು. "ಪಳಗೋಕೆ ಜೀವ ಇರ್ಬೇಕು ಮಾರಾಯ, ಕಬ್ಬಿಣ ಹೆಂಗೆ ಪಳಗುತ್ತೆ?" ಕಾವಲಿ ಕಬ್ಬಿಣದ್ದೇ ಅಲ್ವಾ ಅಂದೆ. ಸುಮ್ಮನಾದ. ಮಾರನೇ ದಿನ ಇನ್ನೊಂದು ತಂದ. "ಪಳಗಿದ ಕೈ" ಅಂದರೆ ವರ್ಷಗಟ್ಟಲೆ ಕೆಲಸ ಮಾಡಿದ ಕೈ, ಸಾವಿರ ಕಿಲೋಮೀಟರಿಗೆ ಇಂಜಿನ್ "ಪಳಗಿದ್ದು" ಅನ್ನಿಸಿಕೊಂಡೀತೇ ಅಂತ. ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರವಿಲ್ಲ.

ಜೊತೆಗೆ ಒಂದು ಸಣ್ಣ ಸಂಶಯ, ವಿಷಯಕ್ಕೆ ಹೊರತಾದದ್ದು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳೆಯದು ಹಳೆಯದಾಯಿತು. ಪಳಗು ಮಾತ್ರ ಪಕಾರ ಬಿಡಲಿಲ್ಲ ಯಾಕೆ? ತಮಿಳಿನಲ್ಲಿ ಇದೇ ಮಾತು ಜನರ ಜೊತೆ ಬೆರೆಯುವುದಕ್ಕೂ ಬಳಕೆಯಲ್ಲಿದೆ. ತಿಳಿದವರು ಹೇಳಿ.

ನಾಮಪದದ್ದೂ ಒಂದು ತೊಡಕಿದೆ. ಪುಸ್ತಕದಲ್ಲಿ "ಬ್ರೇಕ್ ಇನ್ ಪೀರಿಯಡ್" ಅಂತ ತಲೆಬರಹ ಇರುತ್ತದೆ. "ಪಳಗಿಸುವ ಅವಧಿ" ಅಂದರೆ ಅರ್ಥವಾಗುತ್ತದೆ, ಆದರೆ ಸರ್ಕಾರಿ ಸುತ್ತೋಲೆಯ ವಾಸನೆ. ಮಳೆಗಾಲದ ಹಾಗೆ "ಪಳಗುಗಾಲ" ಮಾಡಿದೆ. ತಂಗಿ ಕಾಲು ನೋವಾ ಅಂತ ಕೇಳಿದಳು. ಕೈಬಿಟ್ಟೆ.

ಧಾರವಾಡ, ಕಲಬುರಗಿ ಕಡೆಯ ಗ್ಯಾರೇಜಿನಲ್ಲಿ ಇದಕ್ಕೆ ಏನನ್ನುತ್ತಾರೆ? ಮಂಗಳೂರು, ಉಡುಪಿಯಲ್ಲಿ? ಹೊಸ ಗಾಣ, ಹೊಸ ರಾಟೆ, ಹೊಸ ಗಾಡಿಯ ಅಚ್ಚಿಗೆ ಹಳಬರು ಬಳಸುತ್ತಿದ್ದ ಮಾತು ಯಾರಿಗಾದರೂ ನೆನಪಿದೆಯೇ? ಸುಮ್ನೆ ನಿಘಂಟು ನೋಡಿ ಹೇಳುವುದಕ್ಕಿಂತ ಕಿವಿಯಾರೆ ಕೇಳಿದ್ದನ್ನು ಬರೆದರೆ ಒಳ್ಳೆಯದು. ತಂಗಿಯ ಸ್ಕೂಟರ್ ಈಗ 340 ಕಿಲೋಮೀಟರ್ ಓಡಿದೆ, ಫಸ್ಟ್ ಸರ್ವೀಸಿನೊಳಗೆ ಅವಳಿಗೊಂದು ಪದ ಕೊಡುತ್ತೇನೆ ಅಂದಿದ್ದೇನೆ.